ಎರೋಲ್‌ನ ಕೋವಿಗೆ ಒಂದು ತೋಟೆ

– ಒಂದೇ ಒಂದು ತೋಟೆ ಸಾಕು ಅಂದೆನಲ್ಲ ಕ್ಲೈವ್. ನಾನೇನು ಯುದ್ಧಕ್ಕೆ ಹೊರಟಿಲ್ಲ.

– ಒಂದಲ್ಲ, ಅರ್ಧ ಕೇಳಿದ್ರೂ ಇಲ್ಲ. ಮುನ್ನೂರ ಮೂರರ ಅಳತೇದು ಇದೆ, ಎಷ್ಟು ಬೇಕಾದ್ರೂ ತಗೋ.

– ನಳಿಗೆ ಮೇಲೆ ಮುನ್ನೂರ ಮೂರು ಅಂತಾನೇ ಕೆತ್ತಿದೆ.

– ಪಕ್ಕದಲ್ಲೊಂದು ಗೀಟು ಹಾಕಿ ಇಪ್ಪತ್ತೈದು ಅಂತ್ಲೂ ಕೆತ್ತಿದೆ. ಅದು ಬೇರೆ ಅಳತೆ ನೋಲಾ. ಮಿಲಿಟರಿ ಕೋವಿಗೆ ಸಣ್ಣ ನಳಿಗೆ ಹಾಕಿ, ತೋಟೆ ಕತ್ತು ಹಿಸುಕಿ ಮಾಡಿದ್ದು. ನಮ್ಮ ಕಡೆ ಬಿಟ್ರೆ ಎಲ್ಲೂ ಇಂಥದ್ದು ಮಾಡ್ಲಿಲ್ಲ. ಇಲ್ಲೂ ನಿಲ್ಲಿಸಿ ಎಷ್ಟೋ ವರ್ಷ ಆಯ್ತು.

– ಎರೋಲ್ ಥರಾನೇ ಅನ್ನು.

ನೋಲಾ ಪ್ರಿಚರ್ಡ್ ಕೋವಿಯ ಕಾಗದ, ತನ್ನ ಪರವಾನಗಿ ಎರಡನ್ನೂ ಕ್ಲೈವ್‌ನ ಅಂಗಡಿಕಟ್ಟೆಯ ಮೇಲೆ ಹರಡಿದ್ದಳು. ಗಂಡ ಎರೋಲ್ ಸತ್ತು ಮೂರು ತಿಂಗಳು. ಊರಿನ ಬೇಟೆ ಕ್ಲಬ್ಬಿಗೆ ಒಂದು ಪದ್ಧತಿ. ಸದಸ್ಯ ಸತ್ತರೆ ಮನೆಯವರು ಅವನದೇ ಕೋವಿಯಿಂದ, ದೂರದಲ್ಲಿ ನೇತುಹಾಕಿದ ಹಳೆಯ ನೇಗಿಲಿನ ಕಬ್ಬಿಣದ ತಟ್ಟೆಗೆ ಒಂದು ಗುಂಡು ಹೊಡೆಯಬೇಕು. ತಟ್ಟೆ ಠಣ್ ಅಂದರೆ ಹೆಸರು ಹೊಡೆದುಹಾಕಿ ಎಲ್ಲರೂ ಟೀ ಕುಡಿಯುತ್ತಾರೆ. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಹಾಜರಿ ಕೂಗುವಾಗ ಆ ಹೆಸರನ್ನೂ ಕೂಗುತ್ತಾರೆ. ‘ಎರೋಲ್ ಪ್ರಿಚರ್ಡ್, ಗೈರು’ ಎಂದು ನೋಲಾ ಮೂರು ಸಲ ಕೇಳಿದ್ದಳು. ನಾಲ್ಕನೆಯ ಸಲ ಕೇಳುವ ಶಕ್ತಿ ಇರಲಿಲ್ಲ. ಮುಂದಿನ ಹಾಜರಿ ಶನಿವಾರ, ಅದಕ್ಕೆ ಎರಡೇ ದಿನ.

ಕ್ಲೈವ್ ತನ್ನ ಕೋವಿಯನ್ನೇ ಕೊಡುತ್ತೇನೆಂದ. ಬೇರೆಯವರ ಹಲ್ಲುಸೆಟ್ಟು ಹಾಕಿ ನನ್ನ ಗಂಡನನ್ನು ನಗಿಸಬೇಡ ಎಂದಳು ನೋಲಾ.

ಅವಳು ಅಲೆದದ್ದು ಕಡಿಮೆಯಲ್ಲ. ಪಕ್ಕದ ಊರು ಗಿಲ್ಗಾಂಡ್ರದ ಕೋವಿ ಅಂಗಡಿಯವನು ಕೂನಾಂಬಲ್ ಊರಿಗೆ ಕಳಿಸಿದ. ಕೂನಾಂಬಲ್‌ನ ಮುದುಕನ ಬಳಿ ಒಂದು ತೋಟೆ ಇತ್ತು, ಅದನ್ನು ಕೊರೆದು ಬೀಗದ ಕೈಗೊಂಚಲಿಗೆ ಸಿಕ್ಕಿಸಿಕೊಂಡಿದ್ದ. ಅವನು ಡಬ್ಬೊಗೆ ಅಟ್ಟಿದ. ಎಲ್ಲರದೂ ಒಂದೇ ಮಾತು: ಇತ್ತಮ್ಮ, ನಿಮ್ಮ ಕಡೆಯವನೇ ಯಾರೋ ಬಂದು ಇದ್ದಬದ್ದದ್ದನ್ನೆಲ್ಲ ಹೊತ್ತುಕೊಂಡು ಹೋದ.

ಕ್ಲೈವ್ ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸತೊಡಗಿದ.

– ಆ ಹೊಟ್ಟೆಬಾಕ ಯಾರು ಅಂತ ಗೊತ್ತಾಗ್ಲಿ. ಅವನ ಹೆಂಡ್ತಿ ಮುಂದೆ ನಿಂತು, ಎಂಥಾ ಗಂಡನ್ನ ಸಾಕ್ಕೊಂಡಿದೀಯ ತಾಯಿ ಅಂತ ಕೇಳ್ತೀನಿ.

– ಕೇಳು. ಅಂಗಡೀಲೇ ಇದಾಳೆ.

ನೋಲಾ ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ನಿಧಾನವಾಗಿ ಮುಂದಕ್ಕೆ ತಿರುಗಿದಳು.

– ಎರೋಲಾ?

– ನನ್ನ ಹತ್ರ ಇದ್ದ ಕೊನೇ ಮೂರು ಡಬ್ಬಿನೂ ಅವನೇ ಒಯ್ದ. ಮುಂದೆ ಸಿಗಲ್ವೇನೋ ಅಂತ ಹೆದರಿಕೆ. ಅವನು ಕೊಂಡು ಕೊಂಡೇ ಸಿಗದ ಹಾಗಾಯ್ತು.

– ಬೀರು ನೋಡಿದೀನಿ. ಶೆಡ್ಡು ನೋಡಿದೀನಿ. ಎಲ್ಲಿಟ್ಟ?

– ನೀನು ಸತ್ತರೂ ಮುಟ್ಟದೇ ಇರೋ ಜಾಗದಲ್ಲಿ ಅಂದಿದ್ದ.

ಆ ಮನೆಯಲ್ಲಿ ನೋಲಾ ಮುಟ್ಟದ್ದು ಒಂದೇ. ಅತ್ತೆಯ ಕ್ರಿಸ್ಮಸ್ ಕೇಕು. ಒಣದ್ರಾಕ್ಷಿ, ರಮ್ಮು ಹಾಕಿದ, ಬಾಗಿಲಿಗೆ ಅಡ್ಡ ಇಡಬಹುದಾದಷ್ಟು ಗಟ್ಟಿ ಕೇಕು. ‘ಅಮ್ಮನ ಕೇಕು’ ಎಂದು ಚೀಟಿ ಅಂಟಿಸಿದ ತಗಡಿನ ಡಬ್ಬಿಗಳು ಉಗ್ರಾಣದ ಮೇಲಿನ ಹಲಗೆಯಲ್ಲಿದ್ದವು. ಅತ್ತೆ ಸತ್ತು ಹತ್ತೊಂಬತ್ತು ವರ್ಷ. ಡಬ್ಬಿಗಳು ಮಾತ್ರ ಹೆಚ್ಚುತ್ತಲೇ ಹೋದವು. ಆ ಹೆಂಗಸಿನಿಂದ ಇದೂ ಸಾಧ್ಯ ಎಂದುಕೊಂಡು ನೋಲಾ ಸುಮ್ಮನಿದ್ದಳು.

– ಕ್ಲೈವ್. ಅತ್ತೆ ಕೇಕಿನ ಡಬ್ಬಿಗಳನ್ನ ಮೊನ್ನೆ ಮುಚ್ಚಳ ತೆಗೆದೂ ನೋಡದೆ ನಿನ್ನ ಹೆಂಡ್ತಿಗೆ ಕೊಟ್ಟೆ. ಶನಿವಾರ ಕ್ಲಬ್ಬಲ್ಲಿ ಮಾರೋಕೆ.

ಕ್ಲೈವ್ ಕೂಗುವ ಮೊದಲೇ ಅವನ ಹೆಂಡತಿ ಗ್ವೆಂಡಾ ಅಂಗಡಿ ಹಿಂದಿನ ಮನೆಯಿಂದ ಬಂದಳು.

– ಬೆಂಕಿಪೊಟ್ಟಣ ಕೊಡಿ. ನೋಲಾ ಕೊಟ್ಟ ಕೇಕು ಕಲ್ಲಾಗಿರ್ಬೇಕು, ಎತ್ತಿದ್ರೆ ಅಷ್ಟು ಭಾರ. ಡಬ್ಬಿ ಸಮೇತ ಓವನ್ನಿಗೆ ಇಟ್ಟಿದೀನಿ. ಸ್ವಲ್ಪ ಬೆಚ್ಚಗಾದ್ರೆ ಮೆತ್ತಗಾಗುತ್ತೆ.

ಮಂಡಿನೋವಿನ ಕ್ಲೈವ್ ಆರು ವರ್ಷದಲ್ಲಿ ಮೊದಲ ಸಲ ಓಡಿದ. ಹಸುಗೂಸನ್ನು ಎತ್ತಿಕೊಂಡವನ ಹಾಗೆ ಡಬ್ಬಿ ಹಿಡಿದು ವಾಪಸು ಬಂದ. ಮುಚ್ಚಳ ತೆಗೆದರೆ ಕೇಕಿನ ಕಾಗದದ ಕೆಳಗೆ ತೋಟೆಗಳು ಸಾಲಾಗಿ ಮಲಗಿದ್ದವು.

– ಇನ್ನೂ ಹತ್ತು ಡಬ್ಬಿ ಇವೆ, ಎಂದಳು ಗ್ವೆಂಡಾ. ಎರಡಕ್ಕೆ ಆಗಲೇ ಗಿರಾಕಿ ಬಂದಿದಾರೆ. ಅವರಿಗೆ ಏನು ಹೇಳಲಿ?

– ಅತ್ತೆ ಮಾಡಿದ ಕೇಕಿಗಿಂತ ಇದೇ ಮೆತ್ತಗಿದೆ ಅಂತ ಹೇಳು, ಎಂದಳು ನೋಲಾ.

ಶನಿವಾರ ನೋಲಾ ಎರೋಲ್‌ನ ಕೋವಿಯನ್ನು ಹೆಗಲಿಗಿಟ್ಟಳು. ಹಿಡಿಕೆಯ ಮರಕ್ಕೆ ಹಚ್ಚಿದ ಎಣ್ಣೆಯ ವಾಸನೆ, ಅವನ ಕೆನ್ನೆ ತಾಗಿ ತಾಗಿ ಸವೆದ ಜಾಗ. ಹಾಜರಿ ಪುಸ್ತಕ ಹಿಡಿದ ಕಾರ್ಯದರ್ಶಿ ಹೆಸರು ಹೊಡೆದುಹಾಕಲು ಪೆನ್ನಿನ ಮುಚ್ಚಳ ತೆಗೆದ. ಗುಂಡು ಹಾರಿತು. ತಟ್ಟೆಯಿಂದ ಮೂರು ಗಜ ಆಚೆ ಮಣ್ಣು ಎದ್ದಿತು. ತಟ್ಟೆ ಅಲ್ಲಾಡಲಿಲ್ಲ.

ಕಾರ್ಯದರ್ಶಿ ಪೆನ್ನು ಮುಚ್ಚಿದ. ಎರೋಲ್ ಪ್ರಿಚರ್ಡ್, ಗೈರು, ಎಂದು ಕೂಗಿದ. ನೋಲಾ ಈ ಸಲ ಕಿವಿಗೊಟ್ಟು ಕೇಳಿದಳು.

ಕ್ಲೈವ್ ಪಕ್ಕಕ್ಕೆ ಬಂದು ದನಿ ತಗ್ಗಿಸಿದ.

– ಓಡೋ ಮೊಲದ ಕಿವಿಗೆ ಹೊಡೆಯೋಳು ನೀನು. ಅಷ್ಟಗಲದ ತಟ್ಟೆ ಹೇಗೆ ತಪ್ತು?

– ಪಾಪ, ಇಷ್ಟು ವರ್ಷ ಕದ್ದುಮುಚ್ಚಿ ಕೂಡಿಟ್ಟಿದಾನೆ. ಒಂದೇ ಏಟಿಗೆ ಮುಗಿಸಿದ್ರೆ ಬೇಜಾರು ಮಾಡ್ಕೋತಾನೆ.