ಅಪ್ಪನಿಗೊಂದು ಕಾಗದದ ಫೋನು

“ರೀ, ಮೊದ್ಲು ಅದನ್ನ ಕಿವಿಯಿಂದ ತೆಗೀರಿ!”

ಲಾಮ್ ಮೇಷ್ಟ್ರು ತೆಗೆಯಲಿಲ್ಲ. ಮೂರನೆಯ ಸಲ “ಅಲೋ” ಎಂದರು. ಆ ಕಡೆಯಿಂದ ಸದ್ದಿಲ್ಲ. ಕೊನೆಯ ಬೆಂಚಿನವರಿಗೂ ಕೇಳುವ ತಮ್ಮ ತರಗತಿಯ ಗಂಟಲನ್ನು ಹೊರತೆಗೆದು, “ಅಲೋ, ಯಾರು ಮಾತಾಡ್ತಿರೋದು? ಬಾಯಿ ಬಿಟ್ಟು ಹೇಳಿ!” ಎಂದು ಗದರಿದರು. ಅಷ್ಟರಲ್ಲಿ ಅಂಗೈಯ ಬೆವರಿಗೆ ಫೋನಿನ ಒಂದು ಮೂಲೆ ಮೆತ್ತಗೆ ಮಡಚಿಕೊಂಡಿತು.

ಅದು ಕಾಗದದ ಫೋನು. ಸತ್ತು ಹನ್ನೊಂದು ವರ್ಷವಾದ ತಂದೆಗೆ ಈ ತಿಥಿಯ ದಿನ ಸುಟ್ಟು ತಲುಪಿಸಲೆಂದು ಮೇಷ್ಟ್ರೇ ಆನ್‌ಲೈನಿನಲ್ಲಿ ತರಿಸಿದ್ದು. ಹಿರಿಯರ ಪೀಠದ ಮೇಲೆ ಎಡೆ ಇಡುವ ಗಡಿಬಿಡಿಯಲ್ಲಿ ಅಸಲಿ ಫೋನು ಅಂಟನ್ನದ ತಟ್ಟೆಯ ಹಿಂದೆ ಸೇರಿಕೊಂಡು ಅಲ್ಲಿಂದಲೇ ಬಡಿದುಕೊಳ್ಳುತ್ತಿತ್ತು. ಹೈಫಾಂಗ್‌ನ ಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಭೌತಶಾಸ್ತ್ರ ಕಲಿಸಿದವರು, ಓಣಿಯಲ್ಲಿ ಯಾರ ಫೋನು ಕೆಟ್ಟರೂ ಕರೆಯದೆಯೇ ಹೋಗಿ ಇನ್ನಷ್ಟು ಕೆಡಿಸಿ ಬರುವವರು, ಈಗ ಕಾಗದವನ್ನು ಕಿವಿಗೆ ಒತ್ತಿಕೊಂಡು ಹೆಂಡತಿ ಲೋವಾನ್ ಮುಂದೆ ನಿಂತಿದ್ದರು.

ಲೋವಾನ್: ಯಾರಾದ್ರೂ ಮಾತಾಡಿದ್ರಾ?

ಮೇಷ್ಟ್ರು: ಇಲ್ಲ ಕಣೇ.

ಲೋವಾನ್: ನಮ್ಮ ಪುಣ್ಯ. ಆ ಕಡೆಯಿಂದ ಯಾರಾದ್ರೂ ‘ಏನಪ್ಪಾ’ ಅಂದಿದ್ರೆ ನಾನು ಉಟ್ಟ ಬಟ್ಟೇಲೇ ತವರಿಗೆ ಹೊರಟುಬಿಡ್ತಿದ್ದೆ.

ಮೇಷ್ಟ್ರು: ಅಷ್ಟು ಚೆನ್ನಾಗಿ ಮಾಡಿದಾರೆ ಅಂತ ಅರ್ಥ. ನೋಡು, ಹಿಂದೆ ಮೂರು ಕ್ಯಾಮೆರಾ.

ಲೋವಾನ್: ನನ್ನ ಫೋನಿಗೆ ಒಂದು. ಅದೂ ಒಡೆದಿದೆ.

ಮೇಷ್ಟ್ರು: ಹೋದವರ ಮೇಲೆ ಹೊಟ್ಟೆಕಿಚ್ಚು ಪಡಬಾರದು.

ಮೇಷ್ಟ್ರು ಅಸಲಿ ಫೋನನ್ನು ಹೊರಗೆಳೆದರು. ಕಡಲ ದಂಡೆಯಲ್ಲಿ ಸೈಟು ಕೊಡಿಸುತ್ತೇನೆಂದು ಯಾವುದೋ ಹುಡುಗಿ ಶುರುಮಾಡಿದಳು. “ತಾಯಿ, ನಾನೀಗ ಬೇರೆ ಲೋಕದ ವ್ಯವಹಾರದಲ್ಲಿದ್ದೀನಿ” ಎಂದು ಇಟ್ಟುಬಿಟ್ಟರು.

ಲೋವಾನ್: ನಾನು ಆಗ್ಲೇ ಹೇಳಿದೀನಿ. ಅತ್ತೆ ಇದಕ್ಕೆ ಒಪ್ಪಲ್ಲ.

ಮೇಷ್ಟ್ರು: ಯಾಕೆ ಒಪ್ಪಲ್ಲ? ಹೋದ ವರ್ಷ ಕಾಗದದ ಸ್ಕೂಟರ್ ಸುಟ್ಟಾಗ ಹೆಲ್ಮೆಟ್ಟೂ ಹಾಕಿ ಅಂತ ಅವರೇ ಹೇಳಿದ್ರು.

ಲೋವಾನ್: ಸ್ಕೂಟರ್ ಬೇರೆ, ಫೋನ್ ಬೇರೆ.

ಮೇಷ್ಟ್ರು: ಏನು ಬೇರೆ?

ಲೋವಾನ್: ನನಗೇನ್ ಗೊತ್ತು?

ಹೀಗೆಂದ ಲೋವಾನ್, ಏಡಿ ತುಂಬಿದ ಚೌಕ ಕಡುಬುಗಳನ್ನು ತಟ್ಟೆಯಲ್ಲಿ ಎಣಿಸತೊಡಗಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಕಡುಬು ಎಣಿಸಿದ್ದನ್ನು ಮೇಷ್ಟ್ರು ಕಂಡಿರಲಿಲ್ಲ. ಆಗಲೇ ಸಂಶಯ ಬರಬೇಕಿತ್ತು. ಬರಲಿಲ್ಲ.

ಮೇಷ್ಟ್ರು: ಅಪ್ಪ ಕನಸಲ್ಲಿ ಬಂದಿದ್ರು ಅಂತ ಹೇಳ್ಲಿಲ್ವಾ ನಿನಗೆ? ಹೀಗೆ ಕಿವಿ ಹತ್ರ ಕೈ ಹಿಡ್ಕೊಂಡು ನಿಂತಿದ್ರು. ಫೋನ್ ಬೇಕು ಅಂತ ಇನ್ನು ಹೇಗೆ ಹೇಳಬೇಕು ಅವರು?

ಲೋವಾನ್: ಕಿವಿ ನೋವಿರಬಹುದು.

ಮೇಷ್ಟ್ರು: ಸತ್ತ ಮೇಲೆ ಎಂಥ ಕಿವಿ ನೋವು?

ಲೋವಾನ್: ಸತ್ತ ಮೇಲೆ ಎಂಥ ಫೋನು?

ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಮೇಷ್ಟ್ರ ತಾಯಿ ಮೀಯೆನಮ್ಮ ಇಳಿದು ಬಂದರು. ಎಪ್ಪತ್ನಾಲ್ಕು ವರ್ಷ. ಕೂದಲನ್ನು ಗುಂಗುರು ಮಾಡಿ ಮೇಲೆತ್ತಿ ಕಟ್ಟಿದ್ದರು, ತುಟಿಗೆ ನಸುಗೆಂಪು. ಗಂಡನ ತಿಥಿಗೆಂದು ಇಷ್ಟು ಸಿಂಗಾರವೇ ಎಂದು ಮಗ ಮರುಗಿದರು.

ಮೀಯೆನಮ್ಮ: ಏನೋ ಅದು ಕೈಯಲ್ಲಿ?

ಮೇಷ್ಟ್ರು: ಅಪ್ಪನಿಗೆ ಅಮ್ಮಾ. ಹೊಸ ಫೋನು. ಚಾರ್ಜರ್, ಸಿಮ್ಮು, ಕಿವಿಗೆ ಹಾಕೋದು, ಎಲ್ಲಾ ಸೇರಿ ಒಂದೇ ಪೆಟ್ಟಿಗೆ.

ಮೀಯೆನಮ್ಮ: ಬೇಡ.

ಮೇಷ್ಟ್ರು: ನೋಡು ಮೊದ್ಲು…

ಮೀಯೆನಮ್ಮ: ನೋಡಿದೆ. ಬೇಡ. ಎರಡು ಜೊತೆ ಪೈಜಾಮ ಸುಡು, ಸಾಕು.

ಮೇಷ್ಟ್ರು: ದುಡ್ಡಿನ ಯೋಚನೆ ಮಾಡಬೇಡಮ್ಮ.

ಮೀಯೆನಮ್ಮ: ಕಾಗದಕ್ಕೆ ಎಂಥ ಯೋಚನೆ? ಅವರಿಗೆ ಕಣ್ಣು ಕಾಣಲ್ಲ.

ಮೇಷ್ಟ್ರು: ಪೆಟ್ಟಿಗೇಲಿ ಕನ್ನಡಕವೂ ಇದೆ.

ಮೀಯೆನಮ್ಮ: ಉಪಯೋಗಿಸೋಕೆ ಬರಲ್ಲ. ಯಾರು ಕಲಿಸ್ತಾರೆ?

ಮೇಷ್ಟ್ರು: ಫೋನ್ ರಿಪೇರಿ ಮಾಡ್ತಿದ್ದ ಲೊಕ್ ಮಾರ್ಚಲ್ಲಿ ತೀರ್ಕೊಂಡ್ನಲ್ಲಮ್ಮ. ಅಲ್ಲೇ ಇರ್ತಾನೆ. ಕೆಲಸವೂ ಇರಲ್ಲ ಪಾಪ.

ಮೀಯೆನಮ್ಮ: ಅಲ್ಲಿಗೆ ನೆಟ್ಟು ಎಲ್ಲಿಂದ ಬರುತ್ತೆ?

ಮೇಷ್ಟ್ರು: ಹೊಗೆ ಹೋಗೋ ಕಡೆ ಅಲೆ ಹೋಗಲ್ವಾ? ಅದು ವಿಜ್ಞಾನ.

ಮೀಯೆನಮ್ಮ: ನಿನಗೆ ವಿಜ್ಞಾನ ಓದಿಸಿದ್ದು ನನ್ನ ತಪ್ಪು.

ಮೇಷ್ಟ್ರಿಗೆ ಥಟ್ಟನೆ ಹೊಳೆಯಿತು. ದುಃಖ! ಅಪ್ಪನ ದನಿ ಕೇಳಿದ ಹಾಗಾಗುತ್ತದೆಂಬ ಸಂಕಟ. ಅವರು ತಾಯಿಯ ಭುಜದ ಮೇಲೆ ಕೈಯಿಟ್ಟರು.

ಮೇಷ್ಟ್ರು: ಅರ್ಥವಾಯ್ತಮ್ಮ. ಅವರು ನಿನ್ನ ಜೊತೆ ಮಾತಾಡಿದ ಹಾಗೆ ಅನ್ಸುತ್ತೆ ಅಂತ ತಾನೆ? ನೆನಪು ಉಮ್ಮಳಿಸುತ್ತೆ ಅಂತ ತಾನೆ?

ಮೀಯೆನಮ್ಮ: ಕೈ ತೆಗಿ, ಕೂದಲು ಕೆಡುತ್ತೆ.

ಪೀಠದ ಮೇಲಿನ ಊದುಬತ್ತಿ ಆಗಲೇ ಅರ್ಧಕ್ಕಿಳಿದಿತ್ತು. ಅದು ಆರುವುದರೊಳಗೆ ಸುಡಬೇಕಾದ್ದನ್ನು ಸುಟ್ಟುಬಿಡಬೇಕು. ಆಮೇಲೆ ಸುಟ್ಟದ್ದು ತಲುಪುವುದಿಲ್ಲ. ಬಾಗಿಲ ಹೊರಗೆ ತಗಡಿನ ಡಬ್ಬ ಬಾಯ್ತೆರೆದು ಕಾಯುತ್ತಿತ್ತು.

ಮೇಷ್ಟ್ರು: ಸರಿ. ಅಪ್ಪನನ್ನೇ ಕೇಳೋಣ. ನಾಣ್ಯ ತಗೊಂಡು ಬಾರೇ.

ಲೋವಾನ್ ತಟ್ಟೆಯನ್ನೂ, ಒಂದು ಮೈಗೆ ಸುಣ್ಣ ಬಳಿದ ಎರಡು ಹಳೇ ನಾಣ್ಯಗಳನ್ನೂ ತಂದಳು. ಒಂದು ಬಿಳಿ ಒಂದು ಕಪ್ಪು ಬಿದ್ದರೆ ಹಿರಿಯರ ಒಪ್ಪಿಗೆ. ಎರಡೂ ಕಪ್ಪಾದರೆ ಬೇಡ. ಎರಡೂ ಬಿಳಿಯಾದರೆ ಹಿರಿಯರು ನಗುತ್ತಿದ್ದಾರೆ, ಮತ್ತೆ ಕೇಳಬೇಕು. ಮೇಷ್ಟ್ರು ತಂದೆಯ ಫೋಟೋಕ್ಕೆ ಕೈಮುಗಿದು ನಾಣ್ಯ ಚಿಮ್ಮಿದರು. ಎರಡೂ ಬಿಳಿ.

ಲೋವಾನ್: ಮಾವ ನಗ್ತಿದಾರೆ.

ಮೀಯೆನಮ್ಮ: ಮಗನ ಬುದ್ಧಿ ಕಂಡು.

ಮತ್ತೆ ಚಿಮ್ಮಿದರು. ಎರಡೂ ಕಪ್ಪು.

ಮೀಯೆನಮ್ಮ: ಬೇಡವಂತೆ. ಮುಗೀತು. ಪೈಜಾಮ ತಗೋ.

ಮೇಷ್ಟ್ರು: ಇರಮ್ಮ. ಯಾವ ಪ್ರಯೋಗಕ್ಕೂ ಮೂರು ಸಲ ಅಳತೆ ತಗೋಬೇಕು.

ಮೂರನೆಯ ಸಲ ಒಂದು ನಾಣ್ಯ ಬಿಳಿಯಾಗಿ ಬಿತ್ತು. ಇನ್ನೊಂದು ತಟ್ಟೆಯಂಚಿನಲ್ಲಿ ಗಿರಗಿರನೆ ತಿರುಗಿ, ಮೂವರ ಉಸಿರನ್ನೂ ಹಿಡಿಸಿ, ಕಪ್ಪಾಗಿ ಮಲಗಿತು.

ಮೇಷ್ಟ್ರು: ಒಪ್ಪಿದ್ರು! ನೋಡಿದ್ಯಾ?

ಮೀಯೆನಮ್ಮ: ಬದುಕಿದ್ದಾಗ್ಲೂ ಅಷ್ಟೆ. ಒಂದು ಮಾತಿನ ಮೇಲೆ ನಿಂತ ಮನುಷ್ಯ ಅಲ್ಲ.

ಅದೇ ಕ್ಷಣಕ್ಕೆ ಮೀಯೆನಮ್ಮನ ಅಂಗಿಯ ಜೇಬಿನಲ್ಲಿ ತೆರೆದೇ ಇದ್ದ ಫೋನಿನಿಂದ ಗಂಡಸೊಬ್ಬನ ದನಿ ಹೊರಟಿತು.

“ಮೀಯೆನ್ ಅವರೇ, ಎಲ್ಲಿದ್ದೀರಿ? ನಾಲ್ಕೂವರೆ ಆಯ್ತು. ಎಪ್ಪತ್ಮೂರು ಜನ ಕಾಯ್ತಿದಾರೆ. ನಾನು ಗಿಟಾರ್ ಶ್ರುತಿ ಮಾಡ್ಕೊಂಡು ಕೂತಿದ್ದೀನಿ.”

ಫೋಟೋದೊಳಗಿನ ತಂದೆ ಖೋವಾ ಅವರ ಹುಬ್ಬು ಮೊದಲಿನಿಂದಲೂ ಗಂಟಿಕ್ಕಿಯೇ ಇತ್ತು. ಈಗ ಇನ್ನಷ್ಟು ಬಿಗಿದಂತೆ ಮೇಷ್ಟ್ರಿಗೆ ಕಂಡಿತು.

ಮೇಷ್ಟ್ರು: ಆ ದನಿ… ಓಣಿ ತುದೀಲಿ ಕ್ಷೌರದಂಗಡಿ ಇಟ್ಟಿರೋ ಬಾಂಗ್ ಮಾಮಂದಲ್ವಾ?

ಮೀಯೆನಮ್ಮ: (ಜೇಬಿನೊಳಕ್ಕೆ) ಕೂಗಬೇಡಿ. ಅವರ ಮುಂದೇನೇ ನಿಂತಿದ್ದೀನಿ.

ಜೇಬು: ಯಾರ ಮುಂದೆ?

ಮೀಯೆನಮ್ಮ: ನಮ್ಮ ಮನೆಯವರ ಮುಂದೆ.

ಜೇಬಿನಲ್ಲಿ ಏನೋ ದಡಾರನೆ ಬಿದ್ದ ಸದ್ದಾಯಿತು, ಬಹುಶಃ ಗಿಟಾರ್.

ಮೇಷ್ಟ್ರು: ಎಪ್ಪತ್ಮೂರು ಜನ ಯಾರು? ಯಾತಕ್ಕೆ ಕಾಯ್ತಿದಾರೆ?

ಲೋವಾನ್: ಶುರುವಿಗೆ ಅಷ್ಟೇ ಇರ್ತಾರೆ. ಮೂರನೇ ಹಾಡಿನ ಹೊತ್ತಿಗೆ ನಾನೂರು ದಾಟುತ್ತೆ.

ಮೇಷ್ಟ್ರು: ಯಾವ ಹಾಡು?

ಲೋವಾನ್: ರೀ, ಅತ್ತೆ ದಿನಾ ಲೈವ್ ಹಾಡ್ತಾರೆ. ಎರಡು ವರ್ಷ ಆಯ್ತು. ಬಾಂಗ್ ಮಾಮ ಅವರ ಅಂಗಡೀಲಿ ಕೂತು ಬಾರಿಸ್ತಾರೆ, ಅತ್ತೆ ಮಾಳಿಗೇಲಿ ಕೂತು ಹಾಡ್ತಾರೆ. ಫೋನಿನ ಪರದೇಲಿ ಅರ್ಧಕ್ಕೆ ಅವರು, ಅರ್ಧಕ್ಕೆ ಇವರು. ಆ ದುಂಡಗಿನ ದೀಪ ತಂದುಕೊಟ್ಟಿದ್ದು ನಾನೇ.

ಮೇಷ್ಟ್ರು: ದುಂಡಗಿನ ದೀಪ ಮಂಡಿನೋವಿಂದು ಅಂದಿದ್ದೆ ನೀನು!

ಲೋವಾನ್: ಮುಖಕ್ಕೆ ಬೆಳಕು ಬೀಳೋಕೆ ಅದು.

ಮೇಷ್ಟ್ರು: ಒಂದು ವಾರ ಮಂಡಿ ಇಟ್ಕೊಂಡು ಕೂತಿದ್ದೆನಲ್ಲೇ ಅದರ ಮುಂದೆ! ನೋವು ಕಡಿಮೆಯಾಯ್ತು ಅಂತಲೂ ಹೇಳಿದ್ದೆ!

ಲೋವಾನ್: ಹೌದು. ಅದಕ್ಕೇ ನಿಜ ಹೇಳೋಕೆ ಮನಸ್ಸು ಬರ್ಲಿಲ್ಲ.

ಮೇಷ್ಟ್ರು ತಲೆ ಮುಟ್ಟಿಕೊಂಡರು. ಕೂದಲು ಕಿವಿ ಮುಚ್ಚಿ ಕತ್ತಿನವರೆಗೆ ಇಳಿದಿತ್ತು. ಶಾಲೆ ಬಿಟ್ಟು ಬಂದು ಕ್ಷೌರಕ್ಕೆ ಹೋದಾಗೆಲ್ಲ ಬಾಂಗ್ ಮಾಮನ ಬಾಗಿಲು ಮುಚ್ಚಿರುತ್ತಿತ್ತು. ಒಳಗೆ ರೇಡಿಯೋ ಹಾಡುತ್ತಿದೆಯೆಂದುಕೊಂಡು, ಹೆಣ್ಣುದನಿ ಸೊಗಸಾಗಿದೆಯೆಂದು ಹೊರಗೆ ನಿಂತು ತಲೆದೂಗಿ ಬಂದದ್ದೂ ಉಂಟು.

ಮೇಷ್ಟ್ರು: ಅಮ್ಮಾ, ಹಾಡೋದು ತಪ್ಪಲ್ಲ. ಆದ್ರೆ ಬಾಂಗ್ ಮಾಮಾನೇ ಬೇಕಿತ್ತಾ? ಆ ಬಾಚಣಿಗೆ ವಿಷಯ…

ಬಾಚಣಿಗೆಯ ವಿಷಯ ಓಣಿಗೆಲ್ಲ ಗೊತ್ತಿತ್ತು. ಮೂವತ್ತೈದು ವರ್ಷಗಳ ಹಿಂದೆ ಹೊಸವರ್ಷಕ್ಕೆ ಬಾಂಗ್ ಓಣಿಯ ಹೆಂಗಸರಿಗೆಲ್ಲ ಒಂದೊಂದು ಬಾಚಣಿಗೆ ಹಂಚಿದ್ದರು. ಮೀಯೆನಮ್ಮನಿಗೆ ಸಿಕ್ಕಿದ್ದು ಮಾತ್ರ ಕೆಂಪು ಬಣ್ಣದ್ದು. ಅಂದಿನಿಂದ ಸಾಯುವತನಕ ಖೋವಾ ಅವರು ಹೊಳೆ ದಾಟಿ ಹೋಗಿ ಕ್ಷೌರ ಮಾಡಿಸಿಕೊಂಡು ಬಂದರು.

ಮೀಯೆನಮ್ಮ: ಬಾಚಣಿಗೆ ಒಂದೇ ಏನು? ಬಂದರಲ್ಲಿ ಕ್ರೇನ್ ಓಡಿಸ್ತಿದ್ರಲ್ಲ, ಅಷ್ಟೆತ್ತರದಲ್ಲಿ ಕೂತು ನಮ್ಮ ಓಣೀನೇ ನೋಡ್ತಿದ್ರು. ಕ್ರೇನ್ ನಿಂತ್ರೆ ಕೂಲಿಗಳು ‘ಖೋವಾ ಹೆಂಡ್ತಿ ಸಂತೆಗೆ ಹೊರಟ್ಲು’ ಅಂತಿದ್ರು. ಆಮೇಲೆ ಗುಂಡಿ ಒತ್ತೋ ಫೋನ್ ಬಂತು. ಗಂಟೆಗೆ ಮೂರು ಸಲ. ಎಲ್ಲಿದ್ದೀಯ? ಯಾರ ಜೊತೆ? ಅದೇನು ಸದ್ದು? ಕೋಳಿ ಕಣ್ರೀ ಅಂದ್ರೆ, ಹುಂಜವೋ ಹೇಂಟೆಯೋ ಅಂತ ಕೇಳ್ತಿದ್ರು.

ಲೋವಾನ್ ನಕ್ಕಳು. ಮೇಷ್ಟ್ರಿಗೂ ನಗು ಬಂತು. ಫೋಟೋದ ಕಡೆ ನೋಡಿ ನುಂಗಿಕೊಂಡರು.

ಮೀಯೆನಮ್ಮ: ಹನ್ನೊಂದು ವರ್ಷ ಆಯ್ತು, ‘ಎಲ್ಲಿದ್ದೀಯ’ ಅಂತ ಯಾರೂ ಕೇಳಿಲ್ಲ. ಮೊದಮೊದಲು ಅದೇ ಕಷ್ಟ ಆಗ್ತಿತ್ತು. ಸಂತೇಲಿ ನಿಂತ್ಕೊಂಡು ಸುಮ್ನೆ ಫೋನ್ ತೆಗೆದು ನೋಡೋದು. ಆಮೇಲೆ ಹಾಡೋಕೆ ಶುರು ಮಾಡಿದೆ. ಈಗ ನೀನು ಅವರ ಕೈಗೆ ಮೂರು ಕ್ಯಾಮೆರಾ ಕೊಡ್ತೀನಿ ಅಂತೀಯ.

ಲೋವಾನ್: ಅದಕ್ಕೇ ಹೇಳಿದ್ದು, ಸ್ಕೂಟರ್ ಬೇರೆ ಅಂತ.

ಊದುಬತ್ತಿ ಬೆರಳಗಲ ಉಳಿದಿತ್ತು. ಮೇಷ್ಟ್ರು ಒಮ್ಮೆ ತಾಯಿಯನ್ನು, ಒಮ್ಮೆ ತಟ್ಟೆಯಲ್ಲಿನ ನಾಣ್ಯಗಳನ್ನು ನೋಡಿದರು. ಹಿರಿಯರು ಒಪ್ಪಿಯಾಗಿದೆ, ಒಪ್ಪಿಸಿದವರು ತಾವೇ. ಕೊಡುತ್ತೇನೆಂದು ಕೇಳಿ ಕೊಡದಿದ್ದರೆ ಇನ್ನೊಂದು ಕನಸು ಖಂಡಿತ. ಅದರಲ್ಲಿ ಅಪ್ಪನ ಕೈ ಅವರ ಕಿವಿಯ ಹತ್ತಿರ ಇರುವುದಿಲ್ಲ, ಮಗನ ಕಿವಿಯ ಮೇಲೇ ಇರುತ್ತದೆ.

ಮೇಷ್ಟ್ರು: ಈಗೇನಮ್ಮ ಮಾಡೋದು?

ಮೀಯೆನಮ್ಮ ಫೋಟೋವನ್ನು ಒಂದು ಗಳಿಗೆ ನೋಡಿದರು. ಸೆರಗಿಲ್ಲದ ಅಂಗಿಯ ತುದಿಯಿಂದಲೇ ಗಾಜಿನ ಮೇಲಿನ ಬೂದಿ ಒರೆಸಿದರು.

ಮೀಯೆನಮ್ಮ: ಇದರ ಬ್ಯಾಟರಿ ಎಷ್ಟು ಹೊತ್ತು ಬರುತ್ತೆ?

ಮೇಷ್ಟ್ರು: ಹೊಸ ಫೋನು. ತುಂಬ್ಕೊಂಡೇ ಬಂದಿರುತ್ತೆ. ಒಂದು ದಿನಕ್ಕೆ ಮೋಸ ಇಲ್ಲ.

ಮೀಯೆನಮ್ಮ: ಪೆನ್ನು ಕೊಡು.

ಹೆಸರಿಲ್ಲದೆ ಸುಟ್ಟರೆ ದಾರಿಯಲ್ಲಿ ಯಾವ ಅಲೆಮಾರಿ ದೆವ್ವ ಬೇಕಾದರೂ ಎತ್ತಿಕೊಂಡು ಹೋಗುತ್ತದೆ. ಮೀಯೆನಮ್ಮ ಫೋನಿನ ಬೆನ್ನ ಮೇಲೆ ‘ವೂ ವಾನ್ ಖೋವಾ’ ಎಂದು ದುಂಡಗೆ ಬರೆದರು. ಕೆಳಗೆ ಮನೆಯ ವಿಳಾಸ. ಯೋಚಿಸಿ, ಅದರ ಕೆಳಗೆ ತಮ್ಮ ಫೋನ್ ನಂಬರನ್ನೂ ಬರೆದರು. ಆಮೇಲೆ ಜೇಬಿನಿಂದ ಅಸಲಿ ಫೋನು ತೆಗೆದರು.

ಮೀಯೆನಮ್ಮ: ಬಾಂಗ್ ಅವರೇ, ಇವತ್ತು ಹಾಡಿಲ್ಲ ಅಂತ ಎಲ್ಲರಿಗೂ ಹೇಳಿಬಿಡಿ. ಇವತ್ತು ನಮ್ಮ ಮನೆಯವರ ದಿನ.

ಫೋನು: ಸರಿ, ಸರಿ. ಅವರಿಗೆ… ಅವರಿಗೆ ನನ್ನ ನಮಸ್ಕಾರ ಹೇಳಿ.

ಮೀಯೆನಮ್ಮ: ಅದೊಂದು ಹೇಳಲ್ಲ.

ಹೊರಗೆ ಡಬ್ಬದಲ್ಲಿ ಪೈಜಾಮ ಹೊತ್ತಿಕೊಂಡಿತು. ಅದರ ಮೇಲೆ ಕನ್ನಡಕ, ಸಿಮ್ಮು, ಕಿವಿಗೆ ಹಾಕುವುದು. ಕೊನೆಯಲ್ಲಿ ಮೀಯೆನಮ್ಮ ತಾವೇ ಫೋನನ್ನು ಇಟ್ಟರು. ಮೂರೂ ಕ್ಯಾಮೆರಾ ಒಂದೊಂದಾಗಿ ಕಪ್ಪಾಗಿ, ಬೂದಿಯ ಎಸಳು ಓಣಿಯ ತಂತಿಗಳ ನಡುವೆ ತೂರಿಕೊಂಡು ಬಂದರಿನ ಕಡೆಗೆ ಹಾರಿತು. ಮೇಷ್ಟ್ರು ತೃಪ್ತಿಯಿಂದ ಕೈಕೊಡವಿ ಒಳಗೆ ಬಂದರೆ, ಪೀಠದ ಮೇಲೆ, ನಾಣ್ಯದ ತಟ್ಟೆಯ ಪಕ್ಕ, ಕಾಗದದ ಚಾರ್ಜರು ಹಾಗೇ ಕೂತಿತ್ತು. ಪಕ್ಕದಲ್ಲಿ ಊದುಬತ್ತಿ ಆರಿಹೋಗಿತ್ತು.

ಮೇಷ್ಟ್ರು: ಅಯ್ಯೋ ಅಮ್ಮಾ, ಚಾರ್ಜರ್ ಇಲ್ಲೇ ಉಳೀತಲ್ಲ! ಫೋನ್ ಒಂದೇ ದಿನ ಬರೋದು. ನಾಳೆ ಅಪ್ಪ ಏನ್ ಮಾಡಬೇಕು?

ಮೀಯೆನಮ್ಮ: ನಾಳೆ ನಾಲ್ಕೂವರೆಗೆ ನನಗೆ ಹಾಡಿದೆ.