ಚಂದ್ರನನ್ನು ಕೂರಿಸಿದ ಕ್ಯಾಮೆರಾ

"ಮಂಗಳಾ, ಬೇಗ ಮೇಲಕ್ಕೆ ಬಾರೇ! ಅರಸೀಕೆರೆ ಇತಿಹಾಸದಲ್ಲೇ ಇಂಥಾದ್ದು ಆಗಿಲ್ಲ!"

ನಮ್ಮ ಯಜಮಾನರು ತಾರಸಿಯಿಂದ ಹೀಗೆ ಕೂಗಿದಾಗ ನಾನು ರಾತ್ರಿಯಡುಗೆಯ ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದೆ. ಅರಸೀಕೆರೆ ಇತಿಹಾಸದಲ್ಲಿ ಆಗದೇ ಇರುವಂಥದ್ದು ನಮ್ಮ ಮನೆಯಲ್ಲಿ ತಿಂಗಳಿಗೊಂದು ಆಗುತ್ತದೆ. ಒಲೆ ಆರಿಸಿ ಹೋದೆ.

ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಗುಜರಿ ಅಂಗಡಿಯ ಸಿಸಿಟಿವಿ ಕ್ಯಾಮೆರಾ ಕೂತಿತ್ತು. ಅದರ ಮೂತಿಗೆ, ವಾರದಿಂದ ನಾನು ಹುಡುಕುತ್ತಿದ್ದ ನನ್ನ ಇಂಗಿನ ಡಬ್ಬಿ! ಡಬ್ಬಿಯೊಳಗೆ ದಪ್ಪ ಲೆನ್ಸು, ಪಕ್ಕದಲ್ಲಿ ಪ್ರಚಾರದ ಆಟೋಗೆ ಕಟ್ಟುವಂಥ ಮೈಕು.

ನಮ್ಮವರ ಹೆಸರು ಷಡಕ್ಷರಪ್ಪ. ಮೂವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವರು. ಎಲ್ಲರ ಕೈಗೂ ಫೋನ್ ಬಂದ ಮೇಲೆ ಸ್ಟುಡಿಯೋ ಮುಚ್ಚಿತು. ಆಮೇಲೆ ಇವರು ಬೆಳಿಗ್ಗೆ ಹತ್ತಕ್ಕೆ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು, ಹೋಗಲು ಎಲ್ಲೂ ಇಲ್ಲದೆ, ಗೇಟಿನವರೆಗೆ ಹೋಗಿ ವಾಪಸ್ಸು ಬರುತ್ತಿದ್ದರು.

ಹೀಗಿರುವಾಗ ಹೈಸ್ಕೂಲಿನ ಹೆಡ್‌ಮಿಸ್ ಮೆಹರುನ್ನೀಸಾ ಮೇಡಂ ಹೇಳಿಕಳಿಸಿದರು. ಮಕ್ಕಳು ರಾತ್ರಿ ಆಕಾಶದ ಫೋಟೋ ತೆಗೆಯಬೇಕಂತೆ, ಶಾಲೆಯ ಕೈಗೆಟುಕುವ ಒಂದು ಕ್ಯಾಮೆರಾ ಆರಿಸಿಕೊಡಬೇಕಂತೆ. ಅದು ಒಪ್ಪಿಗೆಯಾದರೆ ವಾರಕ್ಕೆರಡು ದಿನ ಇವರೇ ಪಾಠ ಮಾಡಬಹುದು. ಆ ಪಾಠ ಇವರಿಗೆ ಸಿಗಲಿ ಎಂದು ದೇವರ ಮುಂದೆ ಹೆಚ್ಚಿಗೆ ಒಂದು ದೀಪ ಹಚ್ಚುತ್ತಿದ್ದೆ. ಇವರಿಗೆ ಹೇಳಿರಲಿಲ್ಲ, ಹೇಳಿದರೆ ತಲೆ ಮೇಲೆ ಕೂರುತ್ತಾರೆ.

"ಆರಿಸಿ ಅಂದ್ರೆ, ಕಟ್ಟಿ ಕೂರಿಸಿದೀರಲ್ಲ!" ಎಂದೆ.

"ಅಂಗಡೀಲಿ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಸಿಗುತ್ತೆ ಕಣೇ. ಆದ್ರೆ ಕತ್ತಲಲ್ಲಿ ನಿಮಿಷಗಟ್ಟಲೆ ತೆರೆದಿಟ್ರೆ ತಾನೇ ನಕ್ಷತ್ರ ಫೋಟೋದಲ್ಲಿ ಬೀಳೋದು? ಅಷ್ಟರಲ್ಲಿ ಅದು ಸರಿದುಬಿಡುತ್ತೆ. ಚುಕ್ಕಿ ಬರೋ ಕಡೆ ಗೀಟು ಬರುತ್ತೆ! ಅದಕ್ಕೆ ಆಕಾಶದ ಜತೆ ತಿರುಗೋ ಸ್ಟ್ಯಾಂಡ್ ಬೇಕಂತೆ. ಅದರ ರೇಟಿಗೆ ಎರಡು ಎಮ್ಮೆ ಬರುತ್ತೆ!"

"ನಿಮ್ಮದು ತಿರುಗುತ್ತಾ?"

"ಯಾಕೆ ತಿರುಗ್ಬೇಕು? ಮೂವತ್ತು ವರ್ಷ ಸ್ಟುಡಿಯೋದಲ್ಲಿ ನಾನು ತಿರುಗಿದೀನಾ? ಗಿರಾಕೀನ ಅಲ್ಲಾಡದ ಹಾಗೆ ಕೂರಿಸ್ತಿದ್ದೆ. ಇದೂ ಅಷ್ಟೆ, ಆಕಾಶಾನೇ ಕೂರಿಸುತ್ತೆ!"

ತಮ್ಮ ಧ್ವನಿಯನ್ನು ಬೆಳಕಿನಲ್ಲಿ ಬೆರೆಸಿ ಕಳಿಸುವುದು ಇವರ ಸಂಶೋಧನೆಯಂತೆ. ಹೆಮ್ಮೆಯಿಂದ ಗುಂಡಿ ಒತ್ತಿದರು. ಇಂಗಿನ ಡಬ್ಬಿಯಿಂದ ನೇರಳೆ ಬೆಳಕು ಹೊರಟಿತು. ಮೈಕಿನಿಂದ ಇವರದೇ ಹಳೇ ಸ್ಟುಡಿಯೋ ಧ್ವನಿ, "ಅಲ್ಲಾಡ್ಬೇಡಿ... ಹಾಗೇ ಇರಿ..." ಎಂದಿತು. ಅಷ್ಟರಲ್ಲಿ ಸ್ಟ್ಯಾಂಡ್ ಜಾರಿ ಬೆಳಕು ನನ್ನ ಮೇಲೆ ಬಿತ್ತು!

ನಾನು ಕಲ್ಲಾದೆ. ಸೊಂಟದ ಮೇಲೆ ಕೈ, ಬೈಯಲು ತೆರೆದ ಬಾಯಿ. ಬೈಗುಳ ನಾಲಗೆಯ ತುದಿಯಲ್ಲಿ ನಿಂತುಬಿಟ್ಟಿತು. ಇವರು ಓಡಿಬಂದು ಆರಿಸಬೇಕೋ ಬೇಡವೋ? ಕೈಕಟ್ಟಿ ನಿಂತು, "ಆಹಾ, ಎಷ್ಟು ಪ್ರಶಾಂತವಾಗಿದೆ!" ಎಂದರು. ಆರಿಸಿದ ಮೇಲೆ ಬಾಕಿಯಿದ್ದದ್ದೆಲ್ಲ ಸೇರಿಸಿ ಬೈದೆ.

"ಸ್ಟ್ಯಾಂಡಿನ ತಿರುಪು ಸಡಿಲ ಆಗಿದೆ ಅಷ್ಟೆ" ಎಂದು ತಿರುಪು ಬಿಗಿಯುತ್ತಾ ಮತ್ತೆ ಹಚ್ಚಿದರು. ಪಕ್ಕದ ತಾರಸಿಯಲ್ಲಿ ರುದ್ರಯ್ಯನವರು ದಾಸವಾಳಕ್ಕೆ ನೀರು ಹೊಯ್ಯುತ್ತಿದ್ದರು. ಅವರೂ ನಿಂತರು, ಬಕೆಟ್ಟಿನಿಂದ ಬಿದ್ದ ನೀರೂ ಗಾಳಿಯಲ್ಲೇ ನಿಂತಿತು. ಮೇಲೆ ಹಾರುತ್ತಿದ್ದ ಐದು ಬಾವಲಿಗಳು ಒಣಹಾಕಿದ ಬಟ್ಟೆಯಂತೆ ತೂಗಿದವು. ಆರಿಸಿದೊಡನೆ ಬಾವಲಿಗಳು ಒಂದಕ್ಕೊಂದು ಡಿಕ್ಕಿ ಹೊಡೆದವು, ಬಕೆಟ್ಟಿನ ನೀರೆಲ್ಲ ರುದ್ರಯ್ಯನವರ ಕಾಲ ಮೇಲೆ!

"ಏನ್ರೀ ಷಡಕ್ಷರಪ್ನೋರೇ ಇದು!"

"ವಿಜ್ಞಾನ!" ಎಂದರು ಇವರು.

ಅದೇ ಹೊತ್ತಿಗೆ ಮೆಹರುನ್ನೀಸಾ ಮೇಡಂ ಮೆಟ್ಟಿಲು ಹತ್ತಿ ಬಂದರು. ಇವರು ಸಂಭ್ರಮದಿಂದ ಅತ್ತ ತಿರುಗುವಾಗ ಮೊಣಕೈ ತಾಗಿ ಯಂತ್ರ ಹತ್ತಿಕೊಂಡಿತು.

"ನಮಸ್ಕಾ..." ಎಂದವರು ಹಾಗೇ ನಿಂತರು. ಕೈ ಮುಗಿದಿತ್ತು, ಒಂದು ಕಾಲು ಗಾಳಿಯಲ್ಲಿತ್ತು.

ಇವರ ಮುಖ ಬಿಳುಚಿತು. "ಹೋಯ್ತು ಕಣೇ... ನನ್ನ ಪಾಠ ಹೋಯ್ತು!"

"ಮೊದಲು ಅದನ್ನ ಎತ್ರೀ ಆ ಕಡೆ!" ಎಂದು ನಾನೇ ಡಬ್ಬಿಯ ಮೂತಿಯನ್ನು ಆಕಾಶಕ್ಕೆ ತಳ್ಳಿದೆ. "...ರ" ಎಂದು ಮೇಡಂ ಮುಗಿಸಿ ಕಾಲೂರಿದರು. ಏನಾಯಿತೆಂದು ಅವರಿಗೆ ಗೊತ್ತಾಗಲಿಲ್ಲ, ಪುಣ್ಯ!

ಬೆಳಕು ಹೋಗಿ ಚಂದ್ರನಿಗೆ ತಗುಲಿತು. "ಅಲ್ಲಾಡ್ಬೇಡಿ... ಗಲ್ಲ ಸ್ವಲ್ಪ ಮೇಲೆ" ಎಂದಿತು ಮೈಕು. ಚಂದ್ರ ಗಲ್ಲ ಎತ್ತಿದ! ನನ್ನ ಕಣ್ಣಾರೆ ಕಂಡೆ. ಅವನ ಮುಖದ ಕಲೆಗಳೆಲ್ಲ ಒಂದಿಷ್ಟು ಮೇಲಕ್ಕೆ ಸರಿದವು.

ಯಂತ್ರಕ್ಕೆ ವೈರು ಕೊಟ್ಟಿದ್ದ ಲ್ಯಾಪ್‌ಟಾಪಿನಲ್ಲಿ ಚಿತ್ರ ಮೂಡಿತು. ಕುಳಿಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಮೇಡಂ ಕನ್ನಡಕ ಏರಿಸಿ, "ಷಡಕ್ಷರಪ್ಪನವರೇ, ಎಷ್ಟು ಚೆನ್ನಾಗಿ ಬಂದಿದೆ!" ಎಂದರು. ಇವರು ಯಂತ್ರ ಆರಿಸಿ ನನ್ನ ಕಡೆ ನೋಡಿದ ನೋಟಕ್ಕೆ ಇಂಗಿನ ಡಬ್ಬಿ ಹೋದರೆ ಹೋಗಲಿ ಅನ್ನಿಸಿಬಿಟ್ಟಿತು. ಕಾಫಿ ತಂದೆ.

ಕಾಫಿ ಮುಗಿದು, ಮಾತು ಮುಗಿದು, ಮುಕ್ಕಾಲು ಗಂಟೆಯಾಯಿತು. ಮೇಡಂ ತಲೆಯೆತ್ತಿ, "ಚಂದ್ರ ಆಗ್ಲೂ ಆ ನೀರಿನ ಟ್ಯಾಂಕಿನ ನೆತ್ತಿ ಮೇಲೇ ಇದ್ದ ಅಲ್ವಾ?" ಎಂದರು.

ಹೌದು! ಪಕ್ಕದಲ್ಲಿ ನಕ್ಷತ್ರಗಳು ಒಂದೊಂದೇ ಅವನನ್ನು ದಾಟಿಕೊಂಡು ಹೋಗುತ್ತಿದ್ದವು. ಅವನು ಮಾತ್ರ ಗಲ್ಲವೆತ್ತಿ ಬಿಮ್ಮಗೆ ಕೂತಿದ್ದ.

"ಆರಿಸಿದೀನಲ್ಲೇ!" ಎಂದು ಇವರು ವೈರೆಲ್ಲ ಕಿತ್ತರು. ಚಂದ್ರ ಅಲ್ಲಾಡಲಿಲ್ಲ. ರುದ್ರಯ್ಯನವರು ಅಲ್ಲಿಂದಲೇ, "ಚಂದ್ರನ್ನೂ ಕೆಡಿಸಿದ್ರಾ!" ಎಂದು ಕೂಗಿದರು.

ನನಗೆ ಥಟ್ಟನೆ ಹೊಳೆಯಿತು. "ರೀ, ಸ್ಟುಡಿಯೋದಲ್ಲಿ ಫೋಟೋ ಆದ ಮೇಲೆ ಗಿರಾಕಿಗೆ ಏನಂತಿದ್ರಿ?"

"'ಆಯ್ತು, ಏಳಿ' ಅಂತಿದ್ದೆ."

"ಈ ಯಂತ್ರಕ್ಕೆ ಅದನ್ನ ಹೇಳ್ಕೊಟ್ಟಿದೀರಾ?"

ಇವರು ತಲೆ ಕೆರೆದುಕೊಂಡರು. ನಾವೆಲ್ಲ ಬೆಳಕು ಆರಿದ್ದೇ ತಡ ಎದ್ದವರು. ಚಂದ್ರ ಒಳ್ಳೆಯ ಮನೆತನದವನು, ಹೇಳದೆ ಏಳುತ್ತಾನೆಯೇ? ಇವರು ಗೋಡೆಯಂಚಿಗೆ ಹೋಗಿ ಕೈಮುಗಿದು, "ಆಯ್ತು ಸ್ವಾಮಿ, ಏಳಬಹುದು!" ಎಂದು ಕೂಗಿದರು. ಚಂದ್ರ ಎದ್ದು, ತಡವಾದವನಂತೆ ಪಶ್ಚಿಮಕ್ಕೆ ಸರಸರನೆ ನಡೆದ.

ಮೇಡಂ ನಿಟ್ಟುಸಿರು ಬಿಟ್ಟರು. "ಕ್ಷಮಿಸಿ, ಈ ಕ್ಯಾಮೆರಾ ಮಕ್ಕಳ ಕೈಗೆ ಕೊಡೋಕಾಗಲ್ಲ. ಸೆಕೆಂಡ್ ಹ್ಯಾಂಡ್ ಒಂದು ತಗೋತೀವಿ. ಗೀಟು ಬಂದ್ರೆ ಬರಲಿ."

ಇವರು ಕೆಳಗೆ ಕೂತು ವೈರು ಸುತ್ತತೊಡಗಿದರು. ನನಗೆ ಅಳು ಬಂತು.

ಆಗ ಉತ್ತರದ ಕಡೆ ಏನೋ ಮಿನುಗಿತು. ಚಂದ್ರನ ಕುರ್ಚಿ ಖಾಲಿಯಾದದ್ದನ್ನು ಕಂಡು ಸಪ್ತರ್ಷಿಗಳು ತಮ್ಮ ಜಾಗ ಬಿಟ್ಟು ಟ್ಯಾಂಕಿನ ನೆತ್ತಿಗೆ ಬರುತ್ತಿದ್ದರು! ಬಂದವರು ಗುಂಪಾಗಿ ನಿಂತು ನಮ್ಮ ತಾರಸಿಯ ಕಡೆ ನೋಡಿದರು.

ಯಂತ್ರದಲ್ಲಿ ಒಂದು ವೈರೂ ಉಳಿದಿರಲಿಲ್ಲ. ಇವರು ಬರಿಗೈಯಲ್ಲಿ, ಬರಿಗಂಟಲಲ್ಲಿ ಶುರು ಮಾಡಿದರು: "ಎತ್ತರದೋರು ಹಿಂದೆ... ಮೂರು ಜನ ಮುಂದೆ ಕೂತ್ಕೊಳ್ಳಿ... ಅಮ್ಮಾ ಅರುಂಧತಿ, ಸ್ವಲ್ಪ ವಸಿಷ್ಠರ ಪಕ್ಕ ಸರೀರಿ, ನಾಚ್ಕೋಬೇಡಿ!" ಎಲ್ಲರೂ ತೆಪ್ಪಗೆ ಹೇಳಿದಂತೆ ನಿಂತರು.

ಮೇಡಂ ಅದನ್ನು ನೋಡಿದರು, ಇವರನ್ನೂ ನೋಡಿದರು. "ಕ್ಯಾಮೆರಾ ಬೇಡ ಅಂದೆ. ನೀವು ಬೇಡ ಅನ್ನಲಿಲ್ಲ. ನಮ್ಮ ಒಂಬತ್ತನೇ ಬಿ ಸೆಕ್ಷನ್ ಮಕ್ಕಳನ್ನ ಇದುವರೆಗೂ ಯಾರಿಂದಲೂ ಕೂರಿಸೋಕಾಗಿಲ್ಲ. ಸೋಮವಾರದಿಂದ ಬರ್ತೀರಾ?"

ಸೋಮವಾರ ಹೋದರು. ಐವತ್ತೆರಡು ಮಕ್ಕಳಲ್ಲಿ ಒಬ್ಬರೂ ಕೂರಲಿಲ್ಲವಂತೆ. ಅದನ್ನು ಹೇಳುವಾಗ ಇವರ ಮುಖ ನೋಡಬೇಕಿತ್ತು, ಅಷ್ಟು ಖುಷಿ!

ಸಪ್ತರ್ಷಿಗಳು ಮಾತ್ರ ಇವತ್ತಿಗೂ ಟ್ಯಾಂಕಿನ ಮೇಲೆ ಎರಡು ಸಾಲಾಗಿ ಹಾಗೇ ಇದ್ದಾರೆ. 'ಏಳಿ' ಎಂದು ಇವರು ಎಷ್ಟು ಸಲ ಕೂಗಿದರೂ ಕದಲುವುದಿಲ್ಲ. ಪ್ರಿಂಟ್ ಕೈಗೆ ಸಿಗುವವರೆಗೂ ಹೋಗುವವರಲ್ಲ ಎಂದು ಕಾಣುತ್ತದೆ.