ಅಟ್ಟದ ಮನೆಗೆ ಏರಿದ ಚನ್ನಬಸಪ್ಪ

ಚನ್ನಬಸಪ್ಪನಿಗೆ ಕಾಶಿಯ ಬ್ಯಾಂಕಿಗೆ ವರ್ಗವಾದಾಗ ಅವನಿಗಿಂತ ಹೆಚ್ಚು ಹಿಗ್ಗಿದವರು ಗದಗಿನ ಬಂಧುಬಳಗದವರು. ನಾಲ್ಕು ವರ್ಷ ಸೋನಾರ್‌ಪುರದ ಅವನ ಬಾಡಿಗೆ ಮನೆ ಮನೆಯಾಗಿರಲಿಲ್ಲ, ಧರ್ಮಛತ್ರವಾಗಿತ್ತು. ಗಂಗಾಸ್ನಾನ ಮುಗಿಸಿದವರ ಒದ್ದೆ ಧೋತರ ಫ್ಯಾನಿನ ಮೇಲೆ. ಬಚ್ಚಲಿನ ಮುಂದೆ ವಿಶ್ವನಾಥನ ದರ್ಶನಕ್ಕಿಂತ ಉದ್ದದ ಸಾಲು. ತನ್ನ ಮನೆಯ ಸ್ನಾನಕ್ಕೆ ತಾನೇ ಏಳನೆಯವನಾಗಿ ನಿಂತ ದಿನ (ಅದೂ ದೊಡ್ಡ ಸಾಹೇಬರು ಬರುವ ದಿನ!) ಅವನಿಗೆ ದಿವ್ಯಜ್ಞಾನವಾಯಿತು.

ಊರಾಚೆ, ಕಾವಲಿನ ಗೇಟಿರುವ ಅಪಾರ್ಟ್‌ಮೆಂಟಿನಲ್ಲಿ ಲಾಫ್ಟ್ ಮನೆ ಹಿಡಿದ. ಕೆಳಗೊಂದು ಹಜಾರ, ಅದರಲ್ಲೇ ಅಡುಗೆ. ಮೇಲೆ ಗೋಡೆಯಿಲ್ಲದ ಅಟ್ಟ, ಅಲ್ಲಿ ಹಾಸಿಗೆ. ಮೂರನೆಯವರು ಕಾಲು ಚಾಚಲು ಜಾಗವಿಲ್ಲ.

"ಅಟ್ಟದ ಮ್ಯಾಲ ಉಳ್ಳಾಗಡ್ಡಿ ಇಡತಾರ್ರಿ, ಗಂಡ-ಹೆಂಡ್ತಿನ್ನಲ್ಲ," ಎಂದಳು ಹೆಂಡತಿ ಕಾಮಾಕ್ಷಿ.

"ನಿನಗೇನ ತಿಳೀತೈತಿ? ಇದು ಹೊಸಾ ನಮೂನಿ!"

"ಒಗ್ಗರಣಿ ಘಾಟು ಎಲ್ಲಿಗೆ ಹೋಗತೈತಿ?"

ನೇರವಾಗಿ ಹಾಸಿಗೆಗೇ ಬಂತು. ಚನ್ನಬಸಪ್ಪ ದಿನವೂ ಸೀನುತ್ತಲೇ ಏಳತೊಡಗಿದ. ಆದರೂ ಅವನಿಗೆ ಸುಖವೇ. ಯಾರು ಬಂದರೂ ಗೇಟಿನವನು ಅವನನ್ನು ಮೊಬೈಲಿನಲ್ಲಿ ಕೇಳುತ್ತಿದ್ದ. ಹಸಿರು ಒತ್ತಿದರೆ ಒಳಗೆ, ಕೆಂಪು ಒತ್ತಿದರೆ ವಾಪಸು. ಮುಖ ನೋಡಿ 'ಇಲ್ಲ' ಎನ್ನುವ ಸಂಕಟವೇ ಇಲ್ಲ!

ಒಂದು ದಿನ ಬ್ಯಾಂಕಿನ ಭೇಲೂಪುರದ ಕಚೇರಿಯಲ್ಲಿ ಮೀಟಿಂಗು ನಡೆದಿತ್ತು. ಮೊಬೈಲು ಗುಂಯ್‌ಗುಟ್ಟಿತು: 'ಅತಿಥಿಗಳು, ಆರು ಜನ.' ಆರು ಎಂಬುದನ್ನು ನೋಡಿದ್ದೇ ತಡ, ಅವನ ಬೆರಳು ಕೆಂಪಿನ ಮೇಲಿತ್ತು.

ಸಂಜೆ ಗೇಟಿನವನು ಒಂದು ಬಟ್ಟೆಚೀಲ ಕೊಟ್ಟ. "ಸಾಬ್, ಏಕ್ ಬೂಢೀ ಮಾತಾಜೀ ಛೋಡ್ ಗಯೀಂ." ಯಾರೋ ಮುದುಕಿ ಬಿಟ್ಟುಹೋದದ್ದಂತೆ.

ಒಳಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಆ ಚಟ್ನಿಪುಡಿಯ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡದ್ದೇ ರುಚಿಯ ಗುರುತು ಸಿಕ್ಕಿತು. ಇದು ಸೋದರತ್ತೆ ಬಸಲಿಂಗಮ್ಮನ ಕೈಯದು! ಹೈಸ್ಕೂಲು ಮುಗಿಯುವವರೆಗೆ ಅವನು ಅವಳ ಮನೆಯಲ್ಲೇ ಉಂಡು ಬೆಳೆದವನು. ಇದ್ದೊಂದು ಕೋಣೆಯನ್ನು ಅವನ ಓದಿಗೆ ಬಿಟ್ಟು, ಅವಳು ಒಲೆಯ ಪಕ್ಕ ಮಲಗುತ್ತಿದ್ದಳು. ಚನ್ನಬಸಪ್ಪನಿಗೆ ಅಲ್ಲೇ ಅಳು ಬಂತು.

ಊರಿನವರು ಬೇರೆಲ್ಲಿಗೆ ಹೋದಾರು? ಆಟೋ ಹತ್ತಿ, ಕನ್ನಡದ ಯಾತ್ರಿಕರು ಇಳಿದುಕೊಳ್ಳುವ ಮಠಕ್ಕೆ ಓಡಿದ. ಬಸಲಿಂಗಮ್ಮ ಅಂಗಳದಲ್ಲೇ ಸಿಕ್ಕಳು. ಕಾಲಿಗೆ ಬೀಳಲು ಬಗ್ಗಿದರೆ ಅವಳು ಅವನ ರಟ್ಟೆ ಹಿಡಿದು ಕಂಬದ ಮರೆಗೆ ಎಳೆದಳು.

"ಮೆಲ್ಲಕ! ಗೇಟಿಗೆ ನಾ ಒಬ್ಬಾಕಿನ ಹೋಗಿ ಕೇಳಿದ್ದೆ. ನಿನಗ ಪಾಟ್ನಾಕ್ಕ ವರ್ಗ ಆಗೇತಿ ಅಂತ ಎಲ್ಲಾರಿಗೂ ಹೇಳೇನಿ."

"ಅತ್ತಿ, ತಪ್ಪಾತು. ನೀನಂತ ಗೊತ್ತಿರಲಿಲ್ಲ. ಯಾರೋ ಅನಕೊಂಡೆ..."

"ಯಾರೋ ಆದ್ರೂ ಬಾಗಿಲಿಗೆ ಬಂದಿದ್ರಲ್ಲೋ, ಚನ್ನಾ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು ಎನಿಸಿತು ಅವನಿಗೆ.

"ಈಗರ ಮನಿಗೆ ನಡಿ ಅತ್ತಿ. ಎಲ್ಲಾರನೂ ಕರಕೊಂಡು ಹೋಗತೀನಿ."

"ಈಗ ಹೊರಗ ಬಂದ್ರ ನನ್ನ ಮಾತು ಸುಳ್ಳಾಗತೈತಿ. ನಿನ್ನ ಮಾನ ಹೋಗತೈತಿ. ಸುಮ್ಮನ ನಿಂದರು."

ಅಷ್ಟರಲ್ಲಿ ಊಟ ಮುಗಿಸಿದ ಊರಿನವರು ಅಂಗಳಕ್ಕೆ ಬಂದರು. ಹಿರಿಯ ಕೊಟ್ಟೂರಯ್ಯನವರು ಕೈ ಒರೆಸಿಕೊಳ್ಳುತ್ತ ಅಂದರು: "ಪಾಪ, ನಮ್ಮ ಚನ್ನಬಸಪ್ಪ ಈ ಊರಾಗ ಇದ್ದಿದ್ರ ನಮ್ಮನ್ನ ಮಠದಾಗ ಇರಗೊಡತಿದ್ದನೇನು? ಎತ್ತಿಕೊಂಡ ಮನಿಗೆ ಒಯ್ಯತಿದ್ದ."

"ಹೌದ್ರಿ," ಎಂದಳು ಬಸಲಿಂಗಮ್ಮ, ಸೆರಗು ಹರವಿ ಕಂಬಕ್ಕೆ ಅಡ್ಡವಾಗಿ ನಿಂತು. "ಭಾಳ ಅಂತಃಕರಣದ ಹುಡುಗ."

ಪಾಟ್ನಾಕ್ಕೆ ವರ್ಗವಾದ ಚನ್ನಬಸಪ್ಪ ಕಂಬಕ್ಕೆ ಬೆನ್ನು ಹಚ್ಚಿ, ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡು, ತನ್ನ ಹೊಗಳಿಕೆಯನ್ನು ಪೂರ್ತಿ ಕೇಳಬೇಕಾಯಿತು.